ಸೊನ್ನೆ ಮೇಡಂ ಮನೆಯ ನಲ್ಲಿ

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಧೋ ಎಂದು ಸೋರಿದ್ದರೆ ಯಾರಾದರೂ ಎದ್ದು ಬಿದ್ದು ಓಡಿಬರುತ್ತಿದ್ದರು. ಇದು ಹಾಗಲ್ಲ. ಟಪ್ ಎಂದು ಒಂದು ಹನಿ, ಅದನ್ನು ಮರೆಯುವಷ್ಟರಲ್ಲಿ ಇನ್ನೊಂದು. ರಿಪೇರಿಯವನು ಬಂದಾಗಲೆಲ್ಲ "ವಾಷರ್ ಹೋಗಿದೆ ಮೇಡಂ" ಎಂದು ಹೊಸದೊಂದು ವಾಷರ್ ಹಾಕಿ ಹೋಗುತ್ತಿದ್ದ. ಅವನ ಸ್ಕೂಟರಿನ ಸದ್ದು ಬೀದಿಯ ತಿರುವು ದಾಟುವ ತನಕ ನಲ್ಲಿ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿರುತ್ತಿತ್ತು. ದಾಟಿದ ಕೂಡಲೇ ಮತ್ತೆ ಟಪ್.

ಅಮ್ಮ ಅದರ ಕೆಳಗೆ ಒಂದು ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ದರು. ತುಂಬಿದಾಗ ಕೊಂಡುಹೋಗಿ ಬಾಲ್ಕನಿಯ ಗಿಡಗಳಿಗೆ ಹಾಕುತ್ತಿದ್ದರು. "ಈ ಮನೇಲಿ ನಿನ್ನ ಮಾತು ಕೇಳದೆ ಇರೋದು ನಾನೊಬ್ಬಳೇ ಅಂದ್ಕೊಂಡಿದ್ದೆ. ಈಗ ಜೊತೆಗೆ ಇದೊಂದು" ಎಂದು ದೊಡ್ಡ ಮಗಳನ್ನು ಕೆಣಕುತ್ತಿದ್ದರು.

ದೊಡ್ಡ ಮಗಳು ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕಿ. ವಿದ್ಯಾರ್ಥಿಗಳು ಅವಳಿಗೆ ಇಟ್ಟ ಹೆಸರು ಸೊನ್ನೆ ಮೇಡಂ. ಉತ್ತರ ಗೊತ್ತಿಲ್ಲದೆ ಮೂರು ಪುಟ ಗೀಚಿದವರಿಗೆ ಅವಳು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ. ಸೊನ್ನೆ ಹಾಕುವಾಗ ಅದನ್ನು ಎಷ್ಟು ದುಂಡಗೆ, ಎಷ್ಟು ದೊಡ್ಡದಾಗಿ ಬರೆಯುತ್ತಿದ್ದಳೆಂದರೆ, ಪೇಪರು ಕೈಗೆ ಬಂದವನಿಗೆ ಅದು ಕಣ್ಣು ಬಿಟ್ಟು ತನ್ನನ್ನೇ ನೋಡಿದಂತಾಗುತ್ತಿತ್ತು. ಆ ಅಡ್ಡಹೆಸರು ಅವಳಿಗೂ ಗೊತ್ತಿತ್ತು. ಕೋಪ ಬರುವ ಬದಲು ಒಳಗೊಳಗೇ ಹೆಮ್ಮೆ ಇತ್ತು.

ಅವಳ ಸಂಶೋಧನೆಯ ವಿಷಯ ಕಂಪನಿಗಳು ಹೊರಡಿಸುವ ಸುಸ್ಥಿರತೆ ವರದಿ. ಎಷ್ಟು ನೀರು ಬಳಸಿದೆವು, ಎಷ್ಟು ಹೊಗೆ ಬಿಟ್ಟೆವು, ಎಷ್ಟು ಕಸ ಮಾಡಿದೆವು, ಕೆಲಸಗಾರರನ್ನು ಹೇಗೆ ನೋಡಿಕೊಂಡೆವು ಎಂದು ಕಂಪನಿಗಳು ವರ್ಷಕ್ಕೊಮ್ಮೆ ಜನರಿಗೆ ಹೇಳುವ ಪುಸ್ತಕ ಅದು. ಹೇಳುವುದೇನೋ ಸರಿ, ಆದರೆ ಹೇಳಬೇಕಾದ್ದನ್ನೇ ಹೇಳುತ್ತವೆಯೋ ಇಲ್ಲವೋ? ಅದನ್ನು ಅಳೆಯಲು ಅವಳು ನಲವತ್ತು ಪ್ರಶ್ನೆಗಳ ಒಂದು ಅಳತೆಪಟ್ಟಿ ಮಾಡಿದ್ದಳು. ಅರವತ್ತು ಕಂಪನಿಗಳ ವರದಿಗಳನ್ನು ತರಿಸಿ, ಕಚೇರಿಯ ಗುಮಾಸ್ತನಿಂದ ಕಂಪನಿಯ ಹೆಸರಿರುವ ಕಡೆಯಲ್ಲೆಲ್ಲ ಕಪ್ಪು ಕಾಗದ ಹಚ್ಚಿಸಿ, ಅವಳೊಮ್ಮೆ, ಪಕ್ಕದ ಕೋಣೆಯ ಪ್ರಾಧ್ಯಾಪಕರೊಮ್ಮೆ ಬೇರೆ ಬೇರೆಯಾಗಿ ಓದಿ ಅಂಕ ಕೊಡುತ್ತಿದ್ದರು. ಅಂಕ ಕೊಡುವ ತನಕ ಇಬ್ಬರೂ ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಯಾರ ವರದಿ ಎಂದೂ ಗೊತ್ತಾಗಬಾರದು.

ಒಂದು ವರ್ಷ ಇಡೀ ಅವಳು ಹಸಿರು ಎಲೆಗಳ ಚಿತ್ರ ನೋಡಿದ್ದಳು. ಅಂಗೈಯಲ್ಲಿ ಮೊಳಕೆ ಹಿಡಿದ ಮಗು, ಗಾಳಿಯಂತ್ರದ ಮುಂದೆ ನಗುವ ಹೆಂಗಸು, ಮತ್ತೆ ಎಲೆ. "ನಾವು ಭೂಮಿಯನ್ನು ಪ್ರೀತಿಸುತ್ತೇವೆ" ಎಂದು ಸಿಮೆಂಟಿನ ಕಂಪನಿ ಬರೆದಿತ್ತು. ಅವಳು ಅಂಚಿನಲ್ಲಿ "ಅದಕ್ಕೇ ಅಗೆಯುತ್ತೀರಾ?" ಎಂದು ಗೀಚಿ ಸೊನ್ನೆ ಹಾಕಿದ್ದಳು. ಓದಿ ಓದಿ ಅವಳಿಗೆ ನಿಜವಾದ ಗಿಡ ಕಂಡರೂ ಪಿತ್ತ ನೆತ್ತಿಗೇರುವಂತಾಗಿತ್ತು.

ಅಂಥದ್ದರಲ್ಲಿ ಒಂದು ವರದಿ ಅವಳನ್ನು ಗೆದ್ದುಬಿಟ್ಟಿತು.

ಅದು ಯಾವುದೋ ಬಟ್ಟೆ ಕಂಪನಿಯದು. ಎಲೆಗಳಿರಲಿಲ್ಲ. ಮಾತು ನೇರ. ಪ್ರತಿ ಪ್ರಶ್ನೆಗೂ ಉತ್ತರವಿತ್ತು. ನಲವತ್ತನೆಯ ಪ್ರಶ್ನೆ ಅವಳ ಮುದ್ದಿನ ಕೂಸು: "ಕಂಪನಿ ತನ್ನ ತಪ್ಪನ್ನು ತಾನೇ ಹೇಳಿಕೊಂಡಿದೆಯೇ?" ಐವತ್ತೊಂಬತ್ತು ಕಂಪನಿಗಳು ಅಲ್ಲಿ ಬಂದು ಎಡವಿದ್ದವು. ಇದೊಂದು ಮಾತ್ರ ಎಡವಿರಲಿಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಆ ಪುಟವನ್ನು ನಕಲು ಮಾಡಿ ಮನೆಗೇ ತಂದಳು.

ಭಾನುವಾರ ಮಧ್ಯಾಹ್ನ ತಂಗಿ ಊಟಕ್ಕೆ ಬಂದಿದ್ದಳು. ಅವಳು ಊರಾಚೆಯ ಒಂದು ಬಟ್ಟೆ ಕಂಪನಿಯಲ್ಲಿ ಜಾಹೀರಾತು ವಿಭಾಗದಲ್ಲಿದ್ದಾಳೆ, ಸೀರೆಗೆ ಶರಟಿಗೆ ಹೆಸರು ಹುಡುಕುತ್ತಾಳೆ ಎಂದಷ್ಟೇ ಅಕ್ಕ ತಿಳಿದಿದ್ದಳು. ಮೂವರೂ ಊಟಕ್ಕೆ ಕೂತಿದ್ದರು. ಬೆನ್ನ ಹಿಂದೆ ನಲ್ಲಿ ತನ್ನ ಪಾಡಿಗೆ ಟಪ್ ಟಪ್ ಎನ್ನುತ್ತಿತ್ತು.

"ಕೇಳಿ ಇಲ್ಲಿ" ಎಂದಳು ಪ್ರಾಧ್ಯಾಪಕಿ, ಎಡಗೈಯಲ್ಲಿ ಕಾಗದ ಹಿಡಿದು. "ಒಂದು ವರ್ಷದಿಂದ ಗೊಬ್ಬರ ಓದಿ ಓದಿ ಸತ್ತಿದ್ದೆ. ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ. ಯಾವ ಕಂಪನಿಯೋ ಗೊತ್ತಿಲ್ಲ, ಮುಂದಿನ ವಾರ ಹೆಸರು ಬಿಚ್ತಾರೆ. ವ್ಯಾಪಾರಿಗಳ ಸಂಘದವರು ಇದಕ್ಕೇ ಮೊದಲ ಬಹುಮಾನ ಕೊಡೋದು. ನನ್ನ ಕೈಯಿಂದಲೇ ಕೊಡಿಸ್ತಾರಂತೆ. ಸಂತೋಷವಾಗಿ ಕೊಡ್ತೀನಿ."

ಅವಳು ಓದಿದಳು: "ಈ ವರ್ಷ ನಮ್ಮ ಮೂರನೆಯ ಮಹಡಿಯ ಒಂದು ನಲ್ಲಿ ಸೋರಿತು. ರಿಪೇರಿಯವರು ಬಂದಾಗಲೆಲ್ಲ ವಾಷರ್ ಬದಲಾಯಿಸಿದರು. ಅವರು ಹೋದ ಕೂಡಲೇ ಅದು ಮತ್ತೆ ಸೋರಿತು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಅದರ ಕೆಳಗೆ ಪಾತ್ರೆಯಿಟ್ಟು, ಆ ನೀರನ್ನು ಗಿಡಗಳಿಗೆ ಹಾಕಿದರು. ನಾವು ಅದನ್ನು ಮೊದಲೇ ಸರಿಪಡಿಸಬೇಕಿತ್ತು. ಸರಿಪಡಿಸಲಿಲ್ಲ."

ತಂಗಿಗೆ ಅನ್ನ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಎಷ್ಟು ಚೆನ್ನಾಗಿದೆ ನೋಡು, ‘ಸರಿಪಡಿಸಲಿಲ್ಲ’! ಒಂದೇ ಮಾತು. ನೆಪ ಇಲ್ಲ, ಎಲೆ ಇಲ್ಲ" ಎಂದಳು ಅಕ್ಕ, ತಂಗಿಯ ನೆತ್ತಿಗೆ ಎರಡು ಬಡಿಯುತ್ತ.

ಅಮ್ಮ ಊಟ ನಿಲ್ಲಿಸಿ ನಲ್ಲಿಯ ಕಡೆ ನೋಡಿದರು. ಪಾತ್ರೆಯ ಕಡೆ ನೋಡಿದರು. ಆಮೇಲೆ ಚಿಕ್ಕ ಮಗಳ ಮುಖ ನೋಡಿದರು. "ಆ ಹಿರಿಯ ಸಹೋದ್ಯೋಗಿ ನಾನೇ ತಾನೇ?" ಎಂದರು.

ಕೆಮ್ಮು ಥಟ್ಟನೆ ನಿಂತಿತು. ನಲ್ಲಿ ಟಪ್ ಎಂದಿತು.

ಪ್ರಾಧ್ಯಾಪಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳ ದನಿ ಕೆಳಗಿನ ಮಹಡಿಯವರಿಗೂ ಕೇಳಿಸಿತು. "ನೀನು ಬರೆದಿದ್ದಾ ಇದನ್ನ?"

"ಕೂಗಬೇಡ ಅಕ್ಕ."

"ನಾಚಿಕೆ ಆಗಲ್ವೇನೇ ನಿನಗೆ?"

"ಯಾಕೆ ನಾಚಿಕೆ? ನಲ್ಲಿ ಸೋರಿದ್ದು ಸುಳ್ಳಾ?"

"ನಮ್ಮನೇಲಿ ಸೋರಿದ್ದು! ನಿಮ್ಮ ಕಂಪನೀಲಿ ಅಲ್ಲ!"

"ನಮ್ಮ ಕಂಪನೀಲೂ ನಲ್ಲಿಗಳಿವೆ. ಎಲ್ಲೋ ಒಂದು ಸೋರ್ತಾನೇ ಇರತ್ತೆ" ಎಂದಳು ತಂಗಿ. ಅವಳೇನೂ ಬಾಯಿಸತ್ತವಳಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು. "ನಿನ್ನ ನಲವತ್ತನೇ ಪ್ರಶ್ನೆಗೆ ಒಂದು ತಪ್ಪು ಬೇಕಿತ್ತು. ಮೇಲಿನವರು ಕರೆದು, ‘ಒಂದು ತಪ್ಪು ಹುಡುಕಮ್ಮಾ, ನೋಡಕ್ಕೆ ಲಕ್ಷಣವಾಗಿರಬೇಕು, ಯಾರಿಗೂ ನೋವಾಗಬಾರದು’ ಅಂದ್ರು. ಎಲ್ಲಿಂದ ತರಲಿ? ಇಲ್ಲಿಂದ ತಗೊಂಡೆ."

"ನನ್ನ ಪ್ರಶ್ನೆಗಳು ನಿಮಗೆ ಹೇಗೆ ಸಿಕ್ಕಿದ್ವು?"

"ನೀನೇ ತಾನೇ ಹೋದ ವರ್ಷ ಅಚ್ಚು ಹಾಕಿಸಿದ್ದು? ಎಲ್ಲ ಕಂಪನಿಯವರೂ ಅದನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದಾರೆ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಇಟ್ಟವಳು ನೀನು. ನಾನು ಚೆನ್ನಾಗಿ ಓದಿಕೊಂಡು ಬರೆದೆ. ಅಷ್ಟೇ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಆ ನಗು ನೋಡಿ ಪ್ರಾಧ್ಯಾಪಕಿಗೆ ಇನ್ನಷ್ಟು ಉರಿಯಿತು. ಉರಿಯುತ್ತಿರುವಾಗಲೇ ವರದಿಯ ಇನ್ನೊಂದು ಪುಟ ನೆನಪಾಯಿತು.

"ಹಾಗಾದ್ರೆ ನೀರು? ನೀರಿನ ಬಳಕೆ ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳೀತು ಅಂತ ಬರೆದಿದ್ದೀಯಲ್ಲ, ಅದೂ ನಲ್ಲಿಯ ಕತೆಯೇನಾ?"

"ಅದು ನಿಜ" ಎಂದಳು ತಂಗಿ. ಆದರೆ ತಲೆ ತಗ್ಗಿಸಿ ತಟ್ಟೆಯ ಅಂಚಿನ ಒಂದೊಂದೇ ಅಗುಳನ್ನು ಬೆರಳಲ್ಲಿ ಅತ್ತಿತ್ತ ಸರಿಸತೊಡಗಿದಳು.

"ಹೇಗೆ ಇಳೀತು?"

ತಂಗಿ ನೀರಿನ ಲೋಟ ಎತ್ತಿ ಕುಡಿದಳು.

"ಹೇಳೇ" ಎಂದರು ಅಮ್ಮ. ಈಗ ನಗುತ್ತಿರಲಿಲ್ಲ.

"ಬಣ್ಣದ ವಿಭಾಗ ಈಗ ನಮ್ಮದಲ್ಲ. ಮಾಲೀಕರ ಭಾವಮೈದುನಂದು. ಬೇರೆ ಕಂಪನಿ, ಬೇರೆ ಲೆಕ್ಕ. ಆ ನೀರು ನಮ್ಮ ಲೆಕ್ಕಕ್ಕೆ ಬರಲ್ಲ."

"ಎಲ್ಲಿಗೆ ಹೋಯ್ತು ಆ ವಿಭಾಗ?"

"ಅಲ್ಲೇ ಇದೆ."

"ಅಲ್ಲೇ ಅಂದ್ರೆ?"

"ಅಲ್ಲೇ ಅಂದ್ರೆ ಅಲ್ಲೇ, ಅಕ್ಕ! ಮೊದಲಿದ್ದ ಜಾಗದಲ್ಲೇ! ಮಧ್ಯೆ ಒಂದು ಗೋಡೆ ಕಟ್ಟಿದ್ದಾರೆ. ಗೋಡೇಲಿ ತೂತು ಮಾಡಿ ನಮ್ಮ ತೊಟ್ಟಿಯಿಂದಲೇ ಪೈಪ್ ಎಳೆದಿದ್ದಾರೆ. ಬಣ್ಣದ ನೀರು ಮೊದಲಿನ ಹಾಗೇ ಹಿಂದಿನ ಕಾಲುವೆಗೆ ಹೋಗತ್ತೆ. ನೀನು ಕೇಳಿದ್ದು ‘ಕಂಪನಿ ಎಷ್ಟು ನೀರು ಬಳಸಿತು’ ಅಂತ. ಕಂಪನಿ ಬಳಸಿದ್ದು ಅರ್ಧ. ನಾನು ಒಂದಕ್ಷರ ಸುಳ್ಳು ಬರೆದಿಲ್ಲ."

ತಂಗಿ ಎದ್ದು ಕೈ ತೊಳೆದಳು. ನಲ್ಲಿಯನ್ನು ಸಿಟ್ಟಿನಿಂದ ತಿರುಗಿಸಿ ಬಿಗಿ ಮಾಡಿದಳು. ಅದು ಟಪ್ ಎಂದಿತು. ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತು ಹೇಳಿದಳು: "ಬಹುಮಾನ ಬಂದ್ರೆ ಜಾಹೀರಾತು ವಿಭಾಗಕ್ಕೆ ನಾನೇ ಮುಖ್ಯಸ್ಥೆ. ಗೋಡೆ ವಿಷಯ ಹೊರಗೆ ಬಂದ್ರೆ, ಯಾರಿಂದ ಬಂತು ಅಂತ ಅವರು ಹುಡುಕಬೇಕಾಗೇ ಇಲ್ಲ, ನಾನು ನಿನ್ನ ತಂಗಿ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ನಾನು ಈಗ ಹೇಳಿದ್ದು ನನ್ನ ಅಕ್ಕನಿಗೆ. ಪ್ರಾಧ್ಯಾಪಕಿಗಲ್ಲ. ನೆನಪಿಟ್ಟುಕೋ."

ಬಾಗಿಲು ಧಡಾರೆಂದಿತು.

"ಬಹಳ ಚೆನ್ನಾಗಿ ಬರೀತಾಳೆ, ಅಲ್ವಾ?" ಎಂದರು ಅಮ್ಮ.

ಮರುದಿನ ಪ್ರಾಧ್ಯಾಪಕಿ ಕಾಲೇಜಿನಲ್ಲಿ ಪಕ್ಕದ ಕೋಣೆಗೆ ನುಗ್ಗಿದಳು. ಅಲ್ಲಿದ್ದವರು ಮೆತ್ತನೆಯ ಮನುಷ್ಯ. ಇಡೀ ವೃತ್ತಿಯಲ್ಲಿ ಯಾರಿಗೂ ಸೊನ್ನೆ ಕೊಟ್ಟವರಲ್ಲ. ಖಾಲಿ ಪುಟ ಕೊಟ್ಟವನಿಗೂ "ಹೆಸರನ್ನು ಸರಿಯಾಗಿ ಬರೆದಿದ್ದಾನೆ" ಎಂದು ಒಂದು ಅಂಕ ಕೊಟ್ಟಿದ್ದುಂಟು. ಅವರು ಕುರ್ಚಿಯಿಂದ ಏಳದೆ ಅವಳ ಮಾತನ್ನು ಕೇಳಿಸಿಕೊಂಡರು. ತಂಗಿ ಹೇಳಿದ ಗೋಡೆಯ ವಿಷಯ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ವರದಿ ಬರೆದವಳು ತಂಗಿ ಎಂದಷ್ಟೇ ಹೇಳಿ, "ಆ ನೀರಿನ ಅಂಕಿ ಮೇಲೆ ನನಗೆ ನಂಬಿಕೆ ಬರ್ತಿಲ್ಲ, ಅಂಕ ಕಿತ್ತುಹಾಕೋಣ" ಎಂದಳು.

"ನಂಬಿಕೆ ಬರ್ತಿಲ್ಲ ಅನ್ನೋದು ಎಷ್ಟನೇ ಪ್ರಶ್ನೆ ಮೇಡಂ?" ಎಂದರು ಅವರು.

"ವ್ಯಂಗ್ಯ ಬೇಡ."

"ವ್ಯಂಗ್ಯ ಅಲ್ಲ. ಉತ್ತರ ಪತ್ರಿಕೆ ಯಾರದು ಅಂತ ಗೊತ್ತಾದ ಮೇಲೆ ಅಂಕ ತಿದ್ದಿದರೆ ಅದನ್ನ ಏನಂತಾರೆ? ಮೊದಲನೇ ಪಾಠದಲ್ಲೇ ನೀವು ಮಕ್ಕಳಿಗೆ ಹೇಳ್ತೀರಿ. ನನ್ನ ಕೋಣೆಯ ತನಕ ಕೇಳಿಸತ್ತೆ."

ಅವರು ಹೇಳಿದ್ದು ಸರಿಯಾಗಿತ್ತು. ಅದೇ ಅವಳಿಗೆ ಸಹಿಸಲಾಗದ ಸಂಗತಿ. ತಪ್ಪಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ತಿದ್ದಿದರೆ ತಾನೇ ಮೋಸಗಾರ್ತಿ, ತಿದ್ದದಿದ್ದರೆ ಮೋಸಕ್ಕೆ ಹಾರ ಹಾಕಿದವಳು. ಬಾಯಿ ಬಿಟ್ಟರೆ ತಂಗಿಯ ಕೆಲಸ ಹೋಗುತ್ತದೆ. ಇಷ್ಟೂ ಆದದ್ದು ಒಂದು ದರಿದ್ರ ವಾಷರಿನಿಂದ.

ಅವಳು ಬಸ್ಸು ಹಿಡಿದು ಆ ಕಾರ್ಖಾನೆಯ ಕಡೆ ಹೋದಳು. ಹೋಗಿ ಏನು ಮಾಡುವುದೆಂದು ಅವಳಿಗೇ ಗೊತ್ತಿರಲಿಲ್ಲ. ಕಣ್ಣಾರೆ ನೋಡದೆ ಸಮಾಧಾನವಿಲ್ಲ, ಅಷ್ಟೇ. ಮುಂದಿನ ಗೇಟು ಚೆನ್ನಾಗಿತ್ತು, ಎರಡೂ ಕಡೆ ಕತ್ತರಿಸಿದ ಗಿಡಗಳು. ಪಕ್ಕದ ರಸ್ತೆಯಲ್ಲಿ ಹಿಂದಕ್ಕೆ ನಡೆದಳು. ಹಳೆಯ ಕಾಂಪೌಂಡ್ ಗೋಡೆ ಪಾಚಿ ಹಿಡಿದು ಕಪ್ಪಾಗಿತ್ತು. ಅದಕ್ಕೆ ಅಡ್ಡಲಾಗಿ ಒಳಗೆ ಹಾದುಹೋಗಿದ್ದ ಹೊಸ ಗೋಡೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ, ಸಿಮೆಂಟು ಹಸಿಯಾಗಿರುವಂತೆ ಕಾಣುತ್ತಿತ್ತು. ಎರಡು ಭಾಗಕ್ಕೂ ಒಂದೇ ತಗಡಿನ ಮಾಡು. ಕಾಲುವೆಯ ನೀರು ಆವತ್ತು ನೀಲಿ. ದಂಡೆಯ ಹುಲ್ಲಿನ ಮೇಲೆ ಮಾತ್ರ ಹಿಂದಿನ ದಿನಗಳ ಕೆಂಪು, ಹಳದಿ ಪಟ್ಟೆಪಟ್ಟೆಯಾಗಿ ಉಳಿದಿತ್ತು. ಮೂಗಿಗೆ ಸೆರಗು ಹಿಡಿದುಕೊಂಡಳು.

ಹಿಂದಿನ ಗೇಟಿನಲ್ಲಿ ಒಬ್ಬ ಕಾವಲುಗಾರ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಆ ಗೋಡೆ ಆಚೆ ಏನಪ್ಪಾ ಅದು?"

"ಅದು ಬೇರೆ ಕಂಪನಿ ಅಮ್ಮಾ. ನಮಗೂ ಅದಕ್ಕೂ ಸಂಬಂಧ ಇಲ್ಲ."

"ಅಲ್ಲಿ ಯಾರನ್ನಾದ್ರೂ ವಿಚಾರಿಸಬೇಕಿತ್ತು. ಅಲ್ಲಿನ ಕಾವಲುಗಾರ ಯಾರು?"

ಅವನು ಒಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡ. "ಅದೂ ನಾನೇ."

ಅವಳು ಗೋಡೆಯ ಕಡೆ ತಿರುಗಿ, ಮತ್ತೆ ಅವನ ಕಡೆ ತಿರುಗಿದಳು.

"ಆ ಕಡೆ ಹೋಗುವಾಗ ಟೋಪಿ ಬದಲಾಯಿಸ್ತೀನಿ" ಎಂದು ಅವನು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಇನ್ನೊಂದು ಟೋಪಿ ತೋರಿಸಿದ. ಇವನ ತಲೆಯ ಮೇಲಿದ್ದದ್ದು ಹಸಿರು, ಅದು ಕಂದು. "ಮರೆತು ಹೋದ್ರೆ ಬೈತಾರೆ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ನಗು ಬಂದು, ನಗುತ್ತಿರುವಾಗಲೇ ಅಳು ಬರುವಷ್ಟು ಸಿಟ್ಟು ಬಂತು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಆಚೆ ಸರಿದು ಕೂತಳು.

ಕಾಲೇಜಿಗೆ ಬಂದವಳೇ ತನ್ನ ಅಳತೆಪಟ್ಟಿ ತೆಗೆದು ಎದುರಿಗೆ ಇಟ್ಟುಕೊಂಡಳು. ನಲವತ್ತು ಪ್ರಶ್ನೆಗಳಲ್ಲಿ ಗೋಡೆಯ ಸುದ್ದಿ ಎಲ್ಲೂ ಇರಲಿಲ್ಲ. ಕೊನೆಗೆ ಪ್ರಶ್ನೆಗಳ ಕೆಳಗೆ, ಸಣ್ಣಕ್ಷರದಲ್ಲಿ, ಮೂರು ವರ್ಷದ ಹಿಂದೆ ತಾನೇ ಬರೆದಿದ್ದ ಸೂಚನೆ ಕಂಡಿತು: ಯಾವುದೇ ಅಂಕಿ ಒಂದೇ ವರ್ಷದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿದಿದ್ದರೆ ಕಾರಣವೇನೆಂದು ಕಂಪನಿಗೆ ಕಾಗದ ಬರೆದು ಕೇಳಬೇಕು. ಸರಿಯಾದ ಉತ್ತರ ಬರದಿದ್ದರೆ ಆ ಭಾಗಕ್ಕೆ ಅಂಕವಿಲ್ಲ.

ಅವಳು ಕೇಳಿರಲಿಲ್ಲ. ಬೇರೆ ಯಾವ ಕಂಪನಿಯಾಗಿದ್ದರೂ ಅರ್ಧಕ್ಕೆ ಇಳಿದ ಅಂಕಿ ಕಂಡ ಕೂಡಲೇ ಕೆಂಪು ಪೆನ್ನು ಎತ್ತುತ್ತಿದ್ದಳು. ಇಲ್ಲಿ ಎತ್ತಲಿಲ್ಲ. ಸೋರುವ ನಲ್ಲಿಯನ್ನೇ ಮುಚ್ಚಿಡದವರು ನೀರಿನ ಲೆಕ್ಕದಲ್ಲಿ ಮೋಸ ಮಾಡುತ್ತಾರೆಯೇ ಎಂದು ಕರಗಿಹೋಗಿದ್ದಳು. ತಪ್ಪು ಒಪ್ಪಿಕೊಂಡವರನ್ನು ನಂಬಬೇಕೆಂದು ಲೆಕ್ಕಶಾಸ್ತ್ರದ ಯಾವ ಪುಸ್ತಕವೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸೊನ್ನೆ ಮೇಡಂ ಮೂಗಿಗೆ ತಂಗಿ ಸರಿಯಾಗಿ ತುಪ್ಪ ಸವರಿದ್ದಳು.

"ಥೂ!" ಎಂದಳು, ಗಟ್ಟಿಯಾಗಿ. ಪಕ್ಕದ ಕೋಣೆಯಿಂದ "ಏನಾಯ್ತು ಮೇಡಂ?" ಎಂಬ ದನಿ ಬಂತು.

"ನೀವೂ ಕೇಳಲಿಲ್ಲ!" ಎಂದು ಅವಳು ಆ ಸೂಚನೆಯನ್ನು ಅವರ ಮೂಗಿನ ಮುಂದೆ ಹಿಡಿದಳು.

ಅವರು ಕನ್ನಡಕ ಏರಿಸಿ ಓದಿದರು. "ಹೌದು" ಎಂದರು ಸಣ್ಣ ದನಿಯಲ್ಲಿ. "ನನಗೆ ಆ ಹಿರಿಯ ಸಹೋದ್ಯೋಗಿ ಗಿಡಕ್ಕೆ ನೀರು ಹಾಕಿದ್ದು ಬಹಳ ಹಿಡಿಸಿಬಿಟ್ಟಿತು."

"ಅದು ನಮ್ಮಮ್ಮ!"

"ಓಹೋ. ಆರೋಗ್ಯವಾಗಿದ್ದಾರಾ?"

ಅವಳು ಹಲ್ಲು ಕಡಿದಳು. ಆದರೆ ಅಷ್ಟರಲ್ಲಿ ಅವರೇ ಪೆನ್ನು ಹಿಡಿದು ಕೂತಿದ್ದರು. ಅರವತ್ತು ವರದಿಗಳನ್ನೂ ಮತ್ತೆ ತಿರುವಿ ಹಾಕಿದಾಗ, ಅಂಕಿ ಹಾಗೆ ಇಳಿದ ಕಂಪನಿಗಳು ಒಟ್ಟು ಹನ್ನೊಂದು ಸಿಕ್ಕಿದವು. ಹತ್ತಕ್ಕೆ ಗುಮಾಸ್ತನ ಮೂಲಕ ಆಗಲೇ ಕಾಗದ ಹೋಗಿ ಉತ್ತರವೂ ಬಂದಿತ್ತು. ಇದೊಂದಕ್ಕೆ ಹೋಗಿರಲಿಲ್ಲ. ಉಳಿದ ಹತ್ತಕ್ಕೆ ಹೋದ ಕಾಗದವನ್ನೇ ಒಂದಕ್ಷರ ಬದಲಿಸದೆ ಇದಕ್ಕೂ ಕಳಿಸುವುದೆಂದಾಯಿತು: ಅಂಕಿ ಇಳಿದದ್ದು ಏಕೆ, ಮೊದಲು ನೀವೇ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಹೊರಗಿನವರು ಮಾಡುತ್ತಿದ್ದಾರೆ, ಅದನ್ನು ಎಲ್ಲಿ ಮಾಡುತ್ತಿದ್ದಾರೆ.

"ಒಂದು ಮಾತು. ಉತ್ತರ ಬಂದ ಮೇಲೆ ನಾನು ಅಂಕ ಹಾಕಲ್ಲ. ನನ್ನ ತಂಗಿ ಅಲ್ಲಿದ್ದಾಳೆ. ನೀವೇ ಹಾಕಬೇಕು" ಎಂದಳು.

"ನಾನಾ?" ಎಂದರು ಅವರು, ಹಾವು ಮುಟ್ಟಿದವರಂತೆ. ಅವಳಿಗೂ ಆಗ ಹೊಳೆಯಿತು: ಖಾಲಿ ಪುಟಕ್ಕೂ ಅಂಕ ಕೊಡುವವರು! ಆದರೆ ಬೇರೆ ದಾರಿ ಇರಲಿಲ್ಲ.

ಮರುದಿನ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ ಫೋನು ಮಾಡಿ ಹಾರಾಡಿದ. ಆಹ್ವಾನ ಪತ್ರಿಕೆ ಅಚ್ಚಾಗಿದೆ, ಸಭಾಂಗಣ ಗೊತ್ತು ಮಾಡಿಯಾಗಿದೆ, ಈಗ ಮುಂದಕ್ಕೆ ಹಾಕಿ ಎಂದರೆ ಹೇಗೆ? ಅವಳು "ಅಚ್ಚು ಹಾಕೋ ಮುಂಚೆ ನನ್ನ ಕೇಳಿದ್ರಾ?" ಎಂದು ಫೋನು ಕುಕ್ಕಿದಳು.

ಕಾಗದ ಹೋಯಿತು. ಆ ಭಾನುವಾರ ತಂಗಿ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಅಮ್ಮ ಊಟಕ್ಕೆ ಮೂರು ತಟ್ಟೆ ಇಟ್ಟು, ಒಂದನ್ನು ಮತ್ತೆ ಎತ್ತಿಟ್ಟರು.

"ನಾನೇನು ಅವಳ ಹೆಸರು ಹೇಳಿದೀನಾ?" ಎಂದು ಅವಳೇ ರೇಗಿದಳು. "ಎಲ್ಲರಿಗೂ ಕೇಳಿದ್ದನ್ನ ಕೇಳಿದೀನಿ. ಗೋಡೆ ಅಂತ ಬರೆದೇ ಇಲ್ಲ."

"ನಾನೇನಾದ್ರೂ ಅಂದ್ನಾ?" ಎಂದರು ಅಮ್ಮ. ತುಂಬಿದ ಪಾತ್ರೆ ಎತ್ತಿಕೊಂಡು ಬಾಲ್ಕನಿಗೆ ಹೋದರು.

ಅವಳು ಒಬ್ಬಳೇ ಕೂತು ಯೋಚಿಸಿದಳು. ಆ ಕಾಗದ ತಂಗಿಯ ಮೇಜಿಗೇ ಹೋಗುತ್ತದೆ. ತಂಗಿ ಚೆನ್ನಾಗಿ ಬರೆಯುತ್ತಾಳೆ, ಅದೇ ಭಯ. ಒಂದು ಮುರಿದ ಕುರ್ಚಿಯನ್ನೋ, ದೀಪ ಆರಿಸುವುದನ್ನು ಮರೆತ ಮುದುಕನನ್ನೋ ತಂದು ಕೂರಿಸಿದರೆ ಪಕ್ಕದ ಕೋಣೆಯವರು ಕಣ್ಣೊರೆಸಿಕೊಂಡು ಪೂರ್ತಿ ಅಂಕ ಕೊಟ್ಟುಬಿಡುತ್ತಾರೆ. ಬಹುಮಾನ ಆ ಕಂಪನಿಗೇ ಹೋಗುತ್ತದೆ. ಅದನ್ನು ಕೊಡುವುದು ತನ್ನ ಕೈ. ತೆಗೆದುಕೊಳ್ಳಲು ವೇದಿಕೆಗೆ ಬರುವುದು ತಂಗಿ. ಇಬ್ಬರೂ ಫೋಟೋಗೆ ನಗಬೇಕು. ಆಮೇಲೆ ಒಬ್ಬರ ಮುಖ ಒಬ್ಬರು ಹೇಗೆ ನೋಡುವುದು? ಬಹುಮಾನ ಹೋಗದಿದ್ದರೂ ಮುಖ ನೋಡುವ ಹಾಗಿಲ್ಲ. ಯಾವ ಕಡೆಯಿಂದ ಕೂಡಿದರೂ ಲೆಕ್ಕ ಕೂಡುತ್ತಿರಲಿಲ್ಲ.

ಉತ್ತರ ಬಂದ ದಿನ ಪಕ್ಕದ ಕೋಣೆಯ ಬಾಗಿಲು ಮಧ್ಯಾಹ್ನದ ತನಕ ಮುಚ್ಚಿತ್ತು. ಅವಳು ಎರಡು ಸಲ ನೀರು ಕುಡಿಯುವ ನೆಪದಲ್ಲಿ ಅತ್ತ ಹೋಗಿ ಬಂದಳು. ಒಳಗಿನಿಂದ ಪುಟ ತಿರುವುವ ಸದ್ದು, ನಿಟ್ಟುಸಿರು, ಮತ್ತೆ ಪುಟ ತಿರುವುವ ಸದ್ದು.

ಕೊನೆಗೆ ಅವರೇ ಹೊರಗೆ ಬಂದರು. ಆ ಮೆತ್ತನೆಯ ಮನುಷ್ಯನ ಮುಖ ಕೆಂಪೇರಿತ್ತು. ಕೈಯಲ್ಲಿ ನುಣುಪು ಕಾಗದದ ಹನ್ನೆರಡು ಪುಟ. ಮೊದಲ ಪುಟದಲ್ಲಿ ಎಲೆ.

"ಏನ್ರೀ ಇದು? ನೀರು ಯಾಕೆ ಇಳೀತು ಅಂತ ಕೇಳಿದ್ವಿ. ‘ನೀರೇ ಜೀವ’ ಅಂತ ಶುರು ಮಾಡಿದಾರೆ. ಎರಡನೇ ಪುಟದಲ್ಲಿ ನದಿ. ಮೂರರಲ್ಲಿ ಮಗು. ಸರಿ, ಮುಂದೆ ಹೇಳ್ತಾರೆ ಅಂದ್ಕೊಂಡೆ. ಆರನೇ ಪುಟದಲ್ಲಿ ಮಾಲೀಕರು ಗಿಡ ನೆಡ್ತಿದಾರೆ. ಯಾವ ಕೆಲಸ ಹೊರಗೆ ಕೊಟ್ಟಿದೀರಿ ಅಂದ್ರೆ ‘ನಾವು ಸಮಾಜದ ಜೊತೆ ಕೈಜೋಡಿಸಿದ್ದೇವೆ’ ಅಂತೆ! ಎಲ್ಲಿ ಅಂದ್ರೆ ‘ಎಲ್ಲರ ಹೃದಯದಲ್ಲಿ’ ಅನ್ನೋದೊಂದು ಬಾಕಿ! ಎರಡೆರಡು ಸಲ ಓದಿದೆ ಮೇಡಂ. ಏನಾದ್ರೂ ಸಿಗಬಹುದು, ಅರ್ಧ ಅಂಕಕ್ಕಾದ್ರೂ ಏನಾದ್ರೂ ಸಿಗಬಹುದು ಅಂತ ಓದಿದೆ. ಏನೂ ಇಲ್ಲ!"

ಅವರು ಕೊನೆಯ ಪುಟ ತಿರುಗಿಸಿ ತೋರಿಸಿದರು. ಮೂಲೆಯಲ್ಲಿ, ಅಭ್ಯಾಸವಿಲ್ಲದ ಕೈಯಲ್ಲಿ ಬರೆದ, ಸ್ವಲ್ಪ ಸೊಟ್ಟಗಿದ್ದ ಒಂದು ಸೊನ್ನೆ.

ಅವಳು ಆ ಪುಟಗಳನ್ನು ಇಸಕೊಂಡು ನಿಂತಲ್ಲೇ ಓದಿದಳು. ಓದುತ್ತ ಓದುತ್ತ ಅವಳ ಮುಖ ಬದಲಾಯಿತು. ಕಾಗದವನ್ನು ಅವರ ಕೈಗೆ ತುರುಕಿ, ತನ್ನ ಕೋಣೆಗೆ ಹೋಗಿ, ಕಚೇರಿಯ ಫೋನಿನಿಂದ ತಂಗಿಗೆ ಕರೆ ಮಾಡಿದಳು. ಗೊತ್ತಿಲ್ಲದ ನಂಬರಾದ್ದರಿಂದ ತಂಗಿ ಎತ್ತಿದಳು.

"ಇಡಬೇಡ" ಎಂದಳು ಅಕ್ಕ. "ಆ ಉತ್ತರ ನೀನು ಬರೆದಿದ್ದಲ್ಲ."

"ಹೇಗೆ ಗೊತ್ತಾಯ್ತು?"

"ಓದಕ್ಕೇ ಆಗಲ್ಲ."

ತಂಗಿ ನಕ್ಕಳೋ ಅತ್ತಳೋ ತಿಳಿಯದಂಥ ಒಂದು ಸದ್ದು ಕೇಳಿಸಿತು. "ನಾನೂ ಬರೆದಿದ್ದೆ. ಎರಡೇ ಸಾಲು. ಬಣ್ಣದ ಕೆಲಸ ಗೋಡೆಯಾಚೆ ನಡೀತಿದೆ, ನೀರು ನಮ್ಮ ತೊಟ್ಟಿದೇ ಅಂತ. ಅದಕ್ಕಿಂತ ಹೆಚ್ಚು ಬರೆಯಕ್ಕೆ ಏನಿತ್ತು?"

"ಅವರು?"

"ಹರಿದು ಹಾಕಿದ್ರು. ಬೇರೆ ಥರ ಬರಿ ಅಂದ್ರು. ನನ್ನ ಕೈಲಾಗಲ್ಲ ಅಂದೆ. ಮಾಲೀಕರ ಸೋದರಳಿಯ ಒಬ್ಬ ಇದ್ದಾನೆ, ಅವನು ಬರೆದ. ಎಲೆ ಅಂದ್ರೆ ಪ್ರಾಣ ಅವನಿಗೆ."

"ನಿನ್ನ ಕೆಲಸ?"

"ಇದೆ. ಬಟ್ಟೆಯ ತುದಿಗೆ ಚೀಟಿ ಇರತ್ತಲ್ಲ, ‘ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ’, ಅದನ್ನ ಬರೆಯೋ ಕಡೆ ಹಾಕಿದಾರೆ. ಮುಖ್ಯಸ್ಥೆ ಗಿಖ್ಯಸ್ಥೆ ಎಲ್ಲ ಮುಗೀತು. ನಿನಗೆ ಸಮಾಧಾನ ಆಯ್ತಾ?"

"ಇಲ್ಲ" ಎಂದಳು ಅಕ್ಕ. ನಿಜವಾಗಿಯೂ ಆಗಿರಲಿಲ್ಲ. ಬೇರೇನೋ ಹೇಳಬೇಕೆಂದಿದ್ದಳು. ಅಂಥ ಮಾತುಗಳು ಅವಳಿಗೆ ಎಂದೂ ಸಲೀಸಾಗಿ ಬಂದಿದ್ದಿಲ್ಲ. "ಭಾನುವಾರ ಬಾ. ಅಮ್ಮ ತಟ್ಟೆ ಇಟ್ಟು ಇಟ್ಟು ಎತ್ತುತ್ತಿದ್ದಾರೆ. ನೋಡಕ್ಕಾಗಲ್ಲ ನನಗೆ."

"ನಲ್ಲಿ?"

"ಸೋರ್ತಾ ಇದೆ."

ಮೊದಲ ಬಹುಮಾನ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪನಿಗೆ ಹೋಯಿತು. ಅದರ ವರದಿ ಎಂಥ ನಿದ್ದೆಗೆಟ್ಟವನಿಗೂ ನಿದ್ದೆ ತರಿಸುವಂಥದ್ದು. ಆದರೆ ನಲವತ್ತನೆಯದೊಂದು ಬಿಟ್ಟು ಕೇಳಿದ್ದಕ್ಕೆಲ್ಲ ಅದರಲ್ಲಿ ಉತ್ತರವಿತ್ತು. ಕಾಲುವೆಯ ನೀರು ಆ ವಾರವೂ ಬಣ್ಣ ಬದಲಿಸುತ್ತಲೇ ಇತ್ತು. ಅಳತೆಪಟ್ಟಿಗೆ ನಲವತ್ತೊಂದನೆಯ ಪ್ರಶ್ನೆಯಾಗಿ ಗೋಡೆಯನ್ನು ಸೇರಿಸಲು ಪ್ರಾಧ್ಯಾಪಕಿ ಕೂತಳು. ಎರಡು ಸಾಲು ಬರೆದು, ಇದನ್ನು ಓದಿಕೊಂಡು ಇನ್ನೆಂಥ ಗೋಡೆ ಕಟ್ಟುತ್ತಾರೋ ಎಂದು ಪೆನ್ನು ಎಸೆದಳು. ಆಮೇಲೆ ಬಗ್ಗಿ ಪೆನ್ನು ಹುಡುಕಿ ಮತ್ತೆ ಬರೆದಳು.

ಭಾನುವಾರ ತಂಗಿ ಬಂದಳು. ಬಂದವಳೇ ಚೀಲದಿಂದ ಹೊಸ ನಲ್ಲಿಯೊಂದನ್ನು, ಅದರ ಜೊತೆ ಒಂದು ಸ್ಪ್ಯಾನರನ್ನು ತೆಗೆದು ಊಟದ ಮೇಜಿನ ಮೇಲೆ ಇಟ್ಟಳು.

"ವಾಷರ್ ಅಲ್ಲ ಕೆಟ್ಟಿದ್ದು. ನಲ್ಲಿಯೇ ಕೆಟ್ಟಿದೆ" ಎಂದಳು.

"ಅದು ನನಗೆ ಗೊತ್ತಿತ್ತು" ಎಂದಳು ಅಕ್ಕ.

"ಗೊತ್ತಿದ್ರೆ ಯಾಕೆ ಬದಲಾಯಿಸಲಿಲ್ಲ?"

"ರಿಪೇರಿಯವನು ವಾಷರ್ ಅಂದ."

"ಅವನು ಅಂದ ಅಂತ ನಂಬಿದೆಯಾ? ನೀನು?"

"ಮೊದಲು ಮೇಲಿನ ನೀರು ನಿಲ್ಲಿಸಿ ಕಣ್ರೇ" ಎಂದು ಅಮ್ಮ ಕೂಗುವಷ್ಟರಲ್ಲಿ ತಂಗಿ ಸ್ಪ್ಯಾನರ್ ತಿರುಗಿಸಿಯಾಗಿತ್ತು. ಹಳೆಯ ನಲ್ಲಿ ಕಿತ್ತು ಕೈಗೆ ಬಂತು. ನೀರು ಧೋ ಎಂದು ಮೂವರ ಮೇಲೂ ಎರಗಿತು. ಅಕ್ಕ ಒಂದು ಕೈಯಲ್ಲಿ ಪೈಪಿನ ಬಾಯಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮುಖದ ನೀರು ಒರೆಸಿಕೊಳ್ಳುತ್ತ, "ಕತ್ತೆ! ಆ ಕಡೆ ಅಲ್ಲ, ಈ ಕಡೆ ತಿರುಗಿಸು!" ಎಂದು ಅರಚಿದಳು. ತಂಗಿ, "ನೀನು ಕೈ ತೆಗೆದ್ರೆ ತಾನೇ!" ಎಂದು ತಿರುಗಿ ಅರಚಿದಳು. ಅಮ್ಮ ಅಲ್ಯೂಮಿನಿಯಂ ಪಾತ್ರೆಯನ್ನು ನೀರಿಗೆ ಅಡ್ಡ ಹಿಡಿದು, ತುಂಬಿತೆಂದು ಬಾಲ್ಕನಿಯ ಕಡೆ ನಡೆದರು.